ದಾರ ಹಿಡಿದು ಅಳೆದ ದೂರ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಸಿಗುತ್ತದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ನಾನು ಈ ಸೂತ್ರವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಸುಲಭದ ಪ್ರಶ್ನೆ ಅದು. 2019ರ ಜನವರಿಯಲ್ಲಿ ಅದೇ ಸೂತ್ರವನ್ನು ನಮ್ಮ ಅಕ್ಕನ ಮನೆಯ ಅಂಗಳದಲ್ಲಿ ನಿಂತು ಬಳಸಿದೆ. ಉತ್ತರ ತಪ್ಪಾಯಿತು. ಆ ತಪ್ಪಿಗೆ ಅಂಕ ಕಳೆದು ಸುಮ್ಮನಾಗುವಂತಿರಲಿಲ್ಲ.

ತಿಪಟೂರಿನ ಬಳಿಯ ಊರು ನಮ್ಮದು. ಆ ದಿನ ಮಂಗಳವಾರ, ಬೆಳಿಗ್ಗೆ ಆರು ಗಂಟೆಗೆ ಭಾವ ತೀರಿಕೊಂಡರು. ಅವರ ಒಬ್ಬನೇ ಮಗ ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದ. ನಾನೇ ಫೋನ್ ಮಾಡಿದೆ. ಅಲ್ಲಿ ಇನ್ನೂ ಸೋಮವಾರ ಸಂಜೆ ನಾಲ್ಕೂವರೆ. ಹತ್ತೂವರೆಯ ಹೊತ್ತಿಗೆ ಅವನಿಂದ ಫೋನ್ ಬಂತು. 'ಟಿಕೆಟ್ ಸಿಕ್ತು ಮಾಮ, ರಾತ್ರಿ ಹನ್ನೊಂದಕ್ಕೆ ವಿಮಾನ. ಹೊರಡ್ತಿದೀನಿ' ಎಂದ. ಅಳುತ್ತಿದ್ದವನನ್ನು ಹೆಚ್ಚು ಮಾತನಾಡಿಸಲು ಮನಸ್ಸಾಗಲಿಲ್ಲ.

ಅಂಗಳದಲ್ಲಿ ಕುಳಿತಿದ್ದ ಹಿರಿಯರು, 'ಮೇಷ್ಟ್ರೇ, ಹುಡುಗ ಎಷ್ಟು ಹೊತ್ತಿಗೆ ಬರ್ತಾನೆ?' ಎಂದು ಕೇಳಿದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಸುಮಾರು 14,000 ಕಿ.ಮೀ. ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ಅಲ್ಲಿನ ರಾತ್ರಿ ಹನ್ನೊಂದು ಎಂದರೆ ನಮ್ಮ ಮಧ್ಯಾಹ್ನ ಹನ್ನೆರಡೂವರೆ. ಅಲ್ಲಿಂದ ಹದಿನೈದೂವರೆ ಗಂಟೆ ಎಂದರೆ ಬೆಳಗಿನ ಜಾವ ನಾಲ್ಕು. ಬೆಂಗಳೂರಿನಿಂದ ಊರಿಗೆ ನಾಲ್ಕು ಗಂಟೆ. 'ನಾಳೆ ಬೆಳಿಗ್ಗೆ ಎಂಟಕ್ಕೆ ಇಲ್ಲಿರ್ತಾನೆ' ಎಂದೆ. ಮೇಷ್ಟ್ರ ಮಾತು, ಯಾರೂ ಅನುಮಾನಿಸಲಿಲ್ಲ. ನೆಂಟರಿಗೆಲ್ಲ ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಎಂದು ಹೇಳಿ ಕಳಿಸಿದ್ದಾಯಿತು.

ಬುಧವಾರ ಬೆಳಗಿನ ಜಾವ ಹುಡುಗನ ಫೋನ್ ಬಂತು. ಅವನು ಬೆಂಗಳೂರಿನಲ್ಲಿ ಇರಲಿಲ್ಲ. ನಡುದಾರಿಯ ಇನ್ನೊಂದು ದೇಶದ ನಿಲ್ದಾಣದಲ್ಲಿದ್ದ. ಅಲ್ಲಿ ಐದು ಗಂಟೆ ಕಾದು ಬೇರೆ ವಿಮಾನ ಹತ್ತಬೇಕಿತ್ತು. ಬೆಂಗಳೂರಿಗೆ ಬಂದು ಇಳಿಯುವುದು ಮಧ್ಯಾಹ್ನ ಎರಡಕ್ಕೆ. ಇಷ್ಟರಲ್ಲಿ ದೂರದೂರದ ನೆಂಟರು ಬಂದು ಸೇರಿದ್ದರು. ಮುದುಕರು ಮಕ್ಕಳೆನ್ನದೆ ಕೇರಿಯಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ. ಸಂಜೆ ನಾಲ್ಕರವರೆಗೆ ಕಾದರು. ಸೂರ್ಯ ಮುಳುಗುವ ಮೊದಲು ಕಾರ್ಯ ಮುಗಿಯಬೇಕು ಎಂದು ಹಿರಿಯರು ಎದ್ದರು. ಭಾವನ ತಮ್ಮನ ಮಗ ಕೊಳ್ಳಿ ಇಟ್ಟ. ಹುಡುಗ ಬಂದಾಗ ಆರೂವರೆ. ಸಂಜೆಯಾಗುತ್ತದೆ ಎಂದು ಮಂಗಳವಾರವೇ ನಾನು ಸರಿಯಾಗಿ ಹೇಳಿದ್ದರೆ ಗುರುವಾರ ಬೆಳಿಗ್ಗೆಗೆ ಇಟ್ಟುಕೊಳ್ಳುತ್ತಿದ್ದರು. ಅಕ್ಕ ನನ್ನನ್ನು ಬೈಯಲಿಲ್ಲ. ಹನ್ನೊಂದನೆಯ ದಿನ ಒಂದೇ ಮಾತು ಕೇಳಿದಳು: 'ಅದು ಎಷ್ಟು ದೂರ ಅಂತ ನಿನಗೂ ಗೊತ್ತಿರಲಿಲ್ವೇನೋ?'

ನಕ್ಷೆ ಹೇಳದ ದಾರಿ

ಆ ಪ್ರಶ್ನೆಗೆ ಉತ್ತರ ಹುಡುಕಲು ನಾನು ಶಾಲೆಯ ಬೀರುವಿನಿಂದ ಗೋಳವನ್ನು ತೆಗೆದೆ. ಮಕ್ಕಳು ಮನೆಯಲ್ಲಿಯೂ ಇದನ್ನು ಮಾಡಿ ನೋಡಬಹುದು. ಒಂದು ಗೋಳ, ಒಂದು ಮೊಳ ದಾರ ಸಾಕು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ಎಲ್ಲಿ ತಾನಾಗಿ ಕೂರುತ್ತದೆಯೋ ಅದೇ ಅತಿ ಹತ್ತಿರದ ದಾರಿ.

ಗೋಡೆಯ ನಕ್ಷೆಯನ್ನು ನೋಡಿ ಬೆಳೆದವರಿಗೆ ಇಲ್ಲಿ ಆಶ್ಚರ್ಯ ಕಾದಿರುತ್ತದೆ. 'ಅಮೆರಿಕಕ್ಕೆ ಪೂರ್ವಕ್ಕೆ ಹೋಗಬೇಕೋ ಪಶ್ಚಿಮಕ್ಕೋ?' ಎಂದು ಕೇಳಿದರೆ ದಾರ ಎರಡನ್ನೂ ಹೇಳುವುದಿಲ್ಲ, ಉತ್ತರಕ್ಕೆ ಎನ್ನುತ್ತದೆ. ಬೆಂಗಳೂರಿನಿಂದ ಹೊರಟ ದಾರ ನೇಪಾಳದ ಹಿಮಾಲಯ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯಾ ದಾಟಿ ಆರ್ಕ್‌ಟಿಕ್ ಸಾಗರದ ಅಂಚಿನಲ್ಲಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರುತ್ತದೆ. ಅಲ್ಲಿಂದ ಅಲಾಸ್ಕದ ಮೇಲೆ ಇಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ. ಇದರ ಉದ್ದ 14,000 ಕಿ.ಮೀ.ಗೆ ಸ್ವಲ್ಪ ಕಡಿಮೆ. ಗೋಳವನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತದ ಒಂದು ತುಂಡು ಇದು. ಇದನ್ನೇ ಮಹಾವೃತ್ತ ಎನ್ನುತ್ತೇವೆ. ಗೋಡೆಯ ಮರ್ಕೇಟರ್ ನಕ್ಷೆಯಲ್ಲಿ ಅಡ್ಡಪಟ್ಟಿ ಇಟ್ಟು ಪೆಸಿಫಿಕ್ ಸಾಗರದ ಮೇಲೆ ನೇರ ಗೆರೆ ಎಳೆದರೆ ಆ ದಾರಿ ಸುಮಾರು 16,100 ಕಿ.ಮೀ. ಆಗುತ್ತದೆ. ನಕ್ಷೆಯಲ್ಲಿ ನೇರವಾಗಿ ಕಂಡದ್ದು ನೆಲದ ಮೇಲೆ 2,000 ಕಿ.ಮೀ.ಗಿಂತ ಹೆಚ್ಚು ಸುತ್ತು!

ಉತ್ತರ ಧ್ರುವದ ಮೇಲೇ ಹೋದರೆ ಎಷ್ಟಾಗುತ್ತದೆ ಎಂಬುದನ್ನು ಎಂಟನೆಯ ತರಗತಿಯ ಮಕ್ಕಳೂ ಕೂಡಿ ಕಳೆದು ಹೇಳಬಹುದು. ಬೆಂಗಳೂರಿನ ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರದಲ್ಲಿದೆ. ಧ್ರುವ 90 ಡಿಗ್ರಿ. ನಡುವೆ 76.8 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿಯಲ್ಲಿದೆ, ಧ್ರುವದಿಂದ ಅಲ್ಲಿಗೆ 52.4. ಕೂಡಿದರೆ 129.2 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಗುಣಿಸಿದರೆ 14,340 ಕಿ.ಮೀ. ಅಂದರೆ ಅತಿ ಹತ್ತಿರದ ದಾರಿಗಿಂತ ನಾನೂರು ಕಿ.ಮೀ.ನಷ್ಟೂ ಹೆಚ್ಚಿಲ್ಲ.

ಈ ಒಂದು ಡಿಗ್ರಿಯ ಅಳತೆಗೂ ನಮ್ಮ ನೆಲಕ್ಕೂ ನಂಟಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಿಡಿದು ಸುಮಾರು 12 ಕಿ.ಮೀ. ಉದ್ದದ ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಇನ್ನೊಂದು ರೇಖೆ ಅಳೆದು ಅವನು ಆರಂಭಿಸಿದ ಕೆಲಸವೇ ಮುಂದೆ ಮಹಾ ತ್ರಿಕೋನಮಿತಿ ಸರ್ವೆ ಎಂದು ಹೆಸರಾಯಿತು. ಭೂಮಿ ಎಷ್ಟು ದುಂಡಗಿದೆ, ಎಲ್ಲಿ ಚಪ್ಪಟೆಯಾಗಿದೆ ಎಂದು ತಿಳಿಯುವುದೂ ಆ ಕೆಲಸದ ಒಂದು ಉದ್ದೇಶವಾಗಿತ್ತು.

ದಾರ ಹೋದಲ್ಲಿ ವಿಮಾನ ಹೋಗದು

ಹಾಗಾದರೆ ವಿಮಾನ ದಾರದ ದಾರಿಯಲ್ಲೇ ಏಕೆ ಹೋಗುವುದಿಲ್ಲ? ಮೊದಲ ಕಾರಣ ಟಿಬೆಟ್ ಪ್ರಸ್ಥಭೂಮಿ. ಅದರ ಸರಾಸರಿ ಎತ್ತರವೇ 4,500 ಮೀಟರಿನ ಆಸುಪಾಸು. ಹನ್ನೊಂದು ಸಾವಿರ ಮೀಟರ್ ಎತ್ತರದಲ್ಲಿ ಹಾರುವ ವಿಮಾನದೊಳಗೆ ಗಾಳಿಯ ಒತ್ತಡ ಕುಸಿದರೆ, ಪ್ರಯಾಣಿಕರು ಉಸಿರಾಡಬಹುದಾದ ಸುಮಾರು 3,000 ಮೀಟರಿಗೆ ಅದು ಬೇಗ ಇಳಿಯಬೇಕು. ಕೆಳಗಿನ ನೆಲವೇ ಅದಕ್ಕಿಂತ ಎತ್ತರವಿದ್ದರೆ ಇಳಿಯುವುದು ಎಲ್ಲಿಗೆ? ಆದ್ದರಿಂದ ಬಹುತೇಕ ವಿಮಾನಗಳು ಟಿಬೆಟನ್ನು ಬಳಸಿ ಹೋಗುತ್ತವೆ.

ಎರಡನೆಯದು, ಇಳಿಯಲು ನಿಲ್ದಾಣ. ಎರಡು ಎಂಜಿನ್‌ಗಳ ವಿಮಾನದಲ್ಲಿ ಒಂದು ಕೆಟ್ಟರೆ ಇನ್ನೊಂದರ ಬಲದಿಂದ ನಿಗದಿತ ಸಮಯದೊಳಗೆ ಯಾವುದಾದರೂ ನಿಲ್ದಾಣ ಸೇರುವಂತಿರಬೇಕು ಎಂಬುದು ನಿಯಮ. ಬೋಯಿಂಗ್ 777ರ ಕೆಲವು ಮಾದರಿಗಳಿಗೆ 2011ರ ಡಿಸೆಂಬರಿನಲ್ಲಿ ಈ ಮಿತಿಯನ್ನು 330 ನಿಮಿಷದವರೆಗೆ ಹೆಚ್ಚಿಸಲು ಒಪ್ಪಿಗೆ ಸಿಕ್ಕಿತು. ನಿಯಮ ಬರಿಯ ಕಾಗದದ ಮೇಲಿನದಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗಡಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ ಅಲ್ಲೇ ಉಳಿದು, ಇನ್ನೊಂದು ವಿಮಾನ ಬಂದ ಮೇಲೆ ಪ್ರಯಾಣ ಮುಂದುವರಿಸಿದರು.

ಮೂರನೆಯದು ಗಾಳಿ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ವಿಮಾನ ಮೇಲೆ ಹೋಗಿ ಸುಮ್ಮನೆ ನಿಂತರೂ ಕೆಳಗೆ ಊರು ಬದಲಾಗಬೇಕಲ್ಲವೆ ಎಂದು ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಆದರೆ ವಾಯುಮಂಡಲವೂ ಭೂಮಿಯ ಜೊತೆಗೇ ತಿರುಗುತ್ತದೆ. ಓಡುವ ಬಸ್ಸಿನೊಳಗೆ ಮೇಲಕ್ಕೆಸೆದ ಚೆಂಡು ನಿಮ್ಮ ಕೈಗೇ ಬೀಳುವುದಿಲ್ಲವೆ, ಹಾಗೆ. ವ್ಯತ್ಯಾಸ ತರುವುದು ಮೇಲಿನ ಪದರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ವೇಗದ ಗಾಳಿ, ಅಂದರೆ ಜೆಟ್ ಪ್ರವಾಹ.

ಇದರ ಬಲ ತಿಳಿಯಲು ಒಂದು ಉದಾಹರಣೆ ಸಾಕು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. ದೂರ ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಕಡೆಯಿಂದ ಕಳಿಸಿದರು. ದೂರ 15,300 ಕಿ.ಮೀ. ಆಯಿತು. ಆದರೆ ವಿಮಾನ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮುಂಚೆ! ಭಾಗಿಸಿ ನೋಡಿ: ಗಂಟೆಗೆ 1,055 ಕಿ.ಮೀ. ವಿಮಾನದ ಸ್ವಂತ ವೇಗ 900ರ ಆಸುಪಾಸು. ಉಳಿದದ್ದು ಬೆನ್ನ ಹಿಂದಿನ ಗಾಳಿ ಕೊಟ್ಟ ದಾನ. ಹೆಚ್ಚು ದೂರ, ಕಡಿಮೆ ಹೊತ್ತು. ನನ್ನ ಸೂತ್ರ ತಪ್ಪಲ್ಲ. ನಾನು ಹಾಕಿದ ವೇಗ ತಪ್ಪು, ದೂರ ತಪ್ಪು, ನಡುವೆ ಕಾಯುವ ಹೊತ್ತನ್ನಂತೂ ಹಾಕಿಯೇ ಇರಲಿಲ್ಲ.

ಅಕ್ಕನ ಜೊತೆ ಪ್ರಯಾಣ

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು, ಎಲ್ಲಿಯೂ ನಿಲ್ಲದೆ, 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಅದನ್ನು ನಡೆಸಿದ ಪೈಲಟ್‌ಗಳೆಲ್ಲರೂ ಮಹಿಳೆಯರು. ಪತ್ರಿಕೆಯಲ್ಲಿ ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಭಾವ. ಎರಡು ವರ್ಷ ಮುಂಚೆ ಈ ವಿಮಾನ ಇದ್ದಿದ್ದರೆ ನನ್ನ ತಪ್ಪು ಲೆಕ್ಕ ಹೆಚ್ಚುಕಡಿಮೆ ಸರಿಯಾಗುತ್ತಿತ್ತು.

2023ರ ಏಪ್ರಿಲ್ ಕೊನೆಯಲ್ಲಿ, ಬೇಸಿಗೆ ರಜೆಯಲ್ಲಿ, ಅಕ್ಕನನ್ನು ಮಗನ ಮನೆಗೆ ಕರೆದುಕೊಂಡು ಹೋಗುವ ಯೋಗ ನನ್ನದಾಯಿತು. ಆಗ ಬೆಂಗಳೂರಿನಿಂದ ನೇರ ವಿಮಾನವಿತ್ತು. ಹಿಂದಿನ ದಿನ ಅಕ್ಕ, 'ಎಷ್ಟು ಹೊತ್ತು ಆಗುತ್ತೋ?' ಎಂದಳು. ಈ ಸಲ ಬಾಯಿಲೆಕ್ಕ ಹೇಳಲಿಲ್ಲ. ಒಂದು ಚೀಟಿಯಲ್ಲಿ ಬರೆದೆ. ಊರಿನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನಾಲ್ಕು ಗಂಟೆ. ತಪಾಸಣೆ, ಕಾಯುವುದು ನಾಲ್ಕು ಗಂಟೆ. ಹಾರಾಟ ಹದಿನಾರು ಗಂಟೆ. ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಪೆಟ್ಟಿಗೆ, ಮನೆಗೆ ಕಾರು, ಎಲ್ಲಾ ಸೇರಿ ಎರಡು ಗಂಟೆ. ಒಟ್ಟು ಇಪ್ಪತ್ತಾರು. ಅಕ್ಕ ಚೀಟಿಯನ್ನು ಮಡಿಸಿ ಕುಂಕುಮದ ಡಬ್ಬಿಯ ಜೊತೆ ಇಟ್ಟುಕೊಂಡಳು.

ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟೆವು. ಮಧ್ಯಾಹ್ನ ಎರಡೂವರೆಗೆ ವಿಮಾನ ಮೇಲೆದ್ದಿತು. ಎದುರಿನ ಚಿಕ್ಕ ಪರದೆಯಲ್ಲಿ ದಾರಿ ಕಾಣುತ್ತಿತ್ತು. ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಜಪಾನ್, ಆಮೇಲೆ ಗಂಟೆಗಟ್ಟಲೆ ಪೆಸಿಫಿಕ್. ಆ ದಾರಿ ಸುಮಾರು 15,000 ಕಿ.ಮೀ. ಸಾಗರದ ನಡುವೆ ನೆಲದ ಮೇಲಿನ ವೇಗ ಸಾವಿರ ದಾಟಿದಾಗ ನಾನು ಅಕ್ಕನನ್ನು ಎಬ್ಬಿಸಿ ತೋರಿಸಿದೆ. 'ಬಸ್ಸಿಗಿಂತ ಅಲುಗಾಟ ಕಡಿಮೆ' ಎಂದು ಮತ್ತೆ ಕಣ್ಣು ಮುಚ್ಚಿದಳು. ಇಷ್ಟು ದೂರ ನಿಲ್ಲದೆ ಹೋಗಲು ವಿಮಾನ ಹೊರುವ ಇಂಧನವೇ ಒಂದು ಬೆರಗು. ಬೋಯಿಂಗ್ 777-200 ಎಲ್‌ಆರ್ ಮಾದರಿಯ ತೊಟ್ಟಿಗಳಲ್ಲಿ ಸುಮಾರು 1,81,000 ಲೀಟರ್ ಹಿಡಿಸುತ್ತದೆ. ತುಂಬಿಕೊಂಡು ಹೊರಟರೆ ಒಟ್ಟು ತೂಕದ ಐದರಲ್ಲಿ ಎರಡು ಪಾಲು ಬರೀ ಇಂಧನ.

ಅಲ್ಲಿ ಇಳಿದಾಗ ಅದೇ ದಿನ ಸಂಜೆ ಆರು ಗಂಟೆ. ಹದಿನಾರು ಗಂಟೆ ಹಾರಿದರೂ ಗಡಿಯಾರ ಮೂರೂವರೆ ಗಂಟೆ ಮಾತ್ರ ಮುಂದೆ ಹೋಗಿತ್ತು. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ನಮಗೂ ಅವರಿಗೂ ಹನ್ನೆರಡೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ. ಮಗನ ಮನೆಯ ಬಾಗಿಲಿಗೆ ಹೋದಾಗ ರಾತ್ರಿ ಎಂಟೂವರೆ, ನಮ್ಮೂರಿನಲ್ಲಿ ಮರುದಿನ ಬೆಳಿಗ್ಗೆ ಒಂಬತ್ತು. ಅಕ್ಕ ಚೀಟಿ ತೆಗೆದಳು. 'ಇಪ್ಪತ್ತಾರೂವರೆ ಆಯ್ತು. ಅರ್ಧ ಗಂಟೆ ತಪ್ಪು' ಎಂದು ನಕ್ಕಳು. ಒಳಗೆ ಹೋಗಿ ಗೋಡೆಯ ಮೇಲಿದ್ದ ಭಾವನ ಪಟದ ಎದುರು ಬಹಳ ಹೊತ್ತು ನಿಂತಳು.

ಒಂದೂಕಾಲು ಮುಷ್ಟಿ, ನಾಲ್ಕು ಮುಷ್ಟಿ

ಸ್ಯಾನ್ ಫ್ರಾನ್ಸಿಸ್ಕೋ ಬೆಟ್ಟಗುಡ್ಡಗಳ ಊರು. ನಮ್ಮಲ್ಲಿ ನೆಲ ಕಾದಿರುವ ಮೇ ತಿಂಗಳಲ್ಲಿ ಅಕ್ಕ ಅಲ್ಲಿ ಸ್ವೆಟರ್ ಮೇಲೆ ಶಾಲು ಹೊದ್ದಿದ್ದಳು. ಕರಾವಳಿಯ ಉದ್ದಕ್ಕೂ ಉತ್ತರದಿಂದ ತಣ್ಣೀರಿನ ಪ್ರವಾಹ ಬರುತ್ತದೆ. ಆಳದ ತಣ್ಣೀರೂ ಮೇಲೇಳುತ್ತದೆ. ಸಾಗರದ ತೇವದ ಗಾಳಿ ಅದರ ಮೇಲೆ ಹಾದು ಮಂಜಾಗುತ್ತದೆ. 1937ರಲ್ಲಿ ತೆರೆದ ಗೋಲ್ಡನ್ ಗೇಟ್ ಸೇತುವೆಯ ಎರಡು ಗೋಪುರಗಳ ನಡುವಿನ ಅಂತರ 1,280 ಮೀಟರ್. ನಾವು ಹೋದಾಗ ಮಂಜಿನಲ್ಲಿ ಒಂದು ಗೋಪುರದ ತುದಿ ಮಾತ್ರ ಕಂಡಿತು.

ನನಗೆ ಹೆಚ್ಚು ಇಷ್ಟವಾದದ್ದು ಬಂದರಿನ ಕಟ್ಟೆಯ ಮೇಲಿರುವ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯ. 1969ರಲ್ಲಿ ಅದನ್ನು ಕಟ್ಟಿದ ಫ್ರಾಂಕ್ ಓಪನ್‌ಹೈಮರ್, ಪರಮಾಣು ಬಾಂಬಿನ ಯೋಜನೆ ನಡೆಸಿದ ರಾಬರ್ಟ್ ಓಪನ್‌ಹೈಮರ್ ಅವರ ತಮ್ಮ. ಸ್ವತಃ ಭೌತವಿಜ್ಞಾನಿಯಾದ ಅವರು ನಡುವೆ ಕೊಲರಾಡೋದ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದರು. ಅಲ್ಲಿ ಮಕ್ಕಳು ಎಲ್ಲವನ್ನೂ ಕೈಯಿಂದ ಮುಟ್ಟಿ, ತಿರುಗಿಸಿ ಕಲಿಯಬಹುದು.

ಆ ಊರಿನಲ್ಲಿ ನಾನು ಮಾಡಿದ ಪ್ರಯೋಗಕ್ಕೆ ಮಾತ್ರ ಯಾವ ಉಪಕರಣವೂ ಬೇಕಿರಲಿಲ್ಲ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುತ್ತದೆಯೋ ಅದೇ ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶ. ನಮ್ಮೂರಿನಲ್ಲಿ ಒಂದೂಕಾಲು ಮುಷ್ಟಿ; ತೆಂಗಿನ ಮರಗಳ ಮರೆಯಲ್ಲಿ ಹುಡುಕಬೇಕು. ಮಗನ ಮನೆಯ ಹಿತ್ತಲಲ್ಲಿ ಅಕ್ಕನೂ ನಾನೂ ನಿಂತು ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಅಳೆದೆವು. ನಾಲ್ಕಕ್ಕೆ ಸ್ವಲ್ಪ ಕಡಿಮೆ. 'ನಕ್ಷತ್ರ ಮೇಲಕ್ಕೆ ಹೋಗಿದೆಯಲ್ಲೋ' ಎಂದಳು. ನಕ್ಷತ್ರ ಅಲ್ಲೇ ಇದೆ, ನಾವು ದುಂಡಗಿನ ನೆಲದ ಮೇಲೆ ಜರುಗಿದ್ದೇವೆ ಎಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ಅವತ್ತು ಅವನು ಇಷ್ಟು ದೂರದಿಂದ ಬಂದ' ಎಂದಳು. ನಾಲ್ಕು ವರ್ಷದ ಹಿಂದೆ ಕೇಳಿದ್ದ ಪ್ರಶ್ನೆಗೆ ಅವಳೇ ಉತ್ತರ ಕಂಡುಕೊಂಡಿದ್ದಳು.

ಮೇ ಕೊನೆಯ ವಾರ ಮರಳಿದೆವು. ರಾತ್ರಿ ಒಂಬತ್ತಕ್ಕೆ ಹೊರಟ ವಿಮಾನ ಈ ಸಲ ಉತ್ತರಕ್ಕೆ ತಿರುಗಿತು. ಕತ್ತಲಾಗುತ್ತದೆ ಎಂದುಕೊಂಡರೆ ಆಗಲೇ ಇಲ್ಲ. ಉತ್ತರಕ್ಕೆ ಹೋದಷ್ಟೂ ಆಕಾಶ ಬೆಳ್ಳಗಾಗಿ ಸೂರ್ಯ ಮೇಲೆ ಬಂದ. ಆರ್ಕ್‌ಟಿಕ್ ಪ್ರದೇಶದಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದಿಲ್ಲ ಎಂದು ಪುಸ್ತಕದಿಂದ ಕಲಿಸಿದ್ದೆ, ಕಿಟಕಿಯಲ್ಲಿ ಕಂಡೆ. ಕೆಳಗೆ ಬಿರುಕುಬಿಟ್ಟ ಹಿಮದ ಬಯಲು. ಸೈಬೀರಿಯಾ ದಾಟುವ ಹೊತ್ತಿಗೆ ಸೂರ್ಯ ಮುಳುಗಿದ. ಬೆಂಗಳೂರಿನಲ್ಲಿ ಇಳಿದಾಗ ಬೆಳಗಿನ ಜಾವ ಮೂರು ಗಂಟೆ. ಹಾರಾಟ ಹದಿನೇಳೂವರೆ ಗಂಟೆ.

ಈಗ ನನ್ನ ತರಗತಿಯಲ್ಲಿ ದೂರ, ವೇಗ, ಕಾಲದ ಪಾಠ ಬಂದಾಗ ಗೋಳ ಮತ್ತು ದಾರ ಮೇಜಿನ ಮೇಲಿರುತ್ತವೆ. ಲೆಕ್ಕ ಮಾಡುವಾಗ ಮಕ್ಕಳು ಮೂರು ಸಾಲು ಬರೆಯಬೇಕು: ದಾರದ ದೂರ, ಹಾರಾಟದ ಹೊತ್ತು, ಮನೆಯಿಂದ ಮನೆಗೆ ಹಿಡಿಯುವ ಹೊತ್ತು. ಮಕ್ಕಳು ದೂರದ ದೇಶದಲ್ಲಿರುವ ತಂದೆತಾಯಿಯರಿಗೂ ಒಂದು ಮಾತು. ನೇರ ವಿಮಾನಗಳು ಶುರುವಾಗುತ್ತವೆ, ನಿಲ್ಲುತ್ತವೆ. ಯುದ್ಧ, ಹವಾಮಾನಗಳಿಂದ ದಾರಿಗಳೂ ಬದಲಾಗುತ್ತವೆ. ಮಗ ಅಥವಾ ಮಗಳು ಹೊರಟೆ ಎಂದಾಗ ಎರಡು ಪ್ರಶ್ನೆ ಕೇಳಿ: ನಡುವೆ ಎಲ್ಲಿ ಇಳಿಯುತ್ತೀ, ನಮ್ಮ ಗಡಿಯಾರದ ಪ್ರಕಾರ ಬೆಂಗಳೂರಿಗೆ ಎಷ್ಟು ಗಂಟೆಗೆ ಬರುತ್ತೀ? ಅಂದು ನಾನು ಇದಿಷ್ಟನ್ನು ಕೇಳಿದ್ದರೆ ಸಾಕಿತ್ತು. ಭಾಗಾಕಾರವೇ ಬೇಕಿರಲಿಲ್ಲ.